ಎತ್ತಿದೆ, ಇಳಿಸಿದೆ

ಎರಡೇ ಗುಂಡಿ.
ಒಂದರ ಮೇಲೆ ‘ಎತ್ತಿದೆ’, ಪಕ್ಕದ್ದರ ಮೇಲೆ ‘ಇಳಿಸಿದೆ’.
ಹಾಸನದ ಆಲೂಗಡ್ಡೆ ಮಂಡಿಯ ಹಮಾಲರು
ಮೂಟೆ ಎಣಿಸಿಕೊಳ್ಳಲು ಒಂದು ಆ್ಯಪು.
ಅಷ್ಟಕ್ಕೆ ಹನ್ನೊಂದು ದಿನ.

ಸಂತೆಪೇಟೆಯ ಬೀಜದಂಗಡಿಯ ಮೇಲಿನ ಕೋಣೆಯಲ್ಲಿ
ಎರಡನ್ನೂ ಪರದೆಯ ನಟ್ಟನಡುವೆ ಕೂರಿಸಿದ್ದೇನೆ.
ಮೇಲಿಂದ ಎಷ್ಟೋ ಕೆಳಗಿಂದಲೂ ಅಷ್ಟೇ,
ಎಡಕ್ಕೆ ಬಿಟ್ಟ ಜಾಗ ಬಲಕ್ಕೂ.
ಯಂತ್ರ ಅಳೆದು ಸರಿ ಅನ್ನುತ್ತದೆ.
ಕಣ್ಣು ಒಪ್ಪುತ್ತಿಲ್ಲ:
‘ಇಳಿಸಿದೆ’ ಹಗುರಾಗಿ ತೇಲುತ್ತಿದೆ,
‘ಎತ್ತಿದೆ’ ಜಗ್ಗಿದೆ.

ತಡವಾಗಿ ಹೊಳೆಯಿತು, ಅದು ತಕಾರದ ಒತ್ತು.
ಅಕ್ಷರದ ಬುಡಕ್ಕೆ ನೇತುಬಿದ್ದ ಇನ್ನೊಂದು ತ
ಗೆರೆ ದಾಟಿ ಕೆಳಗೆ ಕಾಲು ಚಾಚಿದೆ.
ಒತ್ತೇ ಇಲ್ಲದ ಲಿಪಿಯವರು ಮಾಡಿದ ಅಳತೆಪಟ್ಟಿ,
ನಮ್ಮ ಅಕ್ಷರ ಎಲ್ಲಿ ಮುಗಿಯುತ್ತದೆಂದು ಅದಕ್ಕೇನು ಗೊತ್ತು?
ಮೊದಲ ದಿನ ಒತ್ತನ್ನೇ ಕತ್ತರಿಸಿ ತೋರಿಸಿತ್ತು:
‘ಎತಿದೆ’,
ತೊದಲುವ ಮಗುವಿನ ಹಾಗೆ.
ಡಬ್ಬಿ ದೊಡ್ಡದು ಮಾಡಿದೆ. ಒತ್ತು ಬಂತು, ಭಾರವೂ ಬಂತು.

ಒತ್ತುವ ಗುಂಡಿಗೆ ಒತ್ತೇ ತೊಡಕು ಎಂದು
ಒಬ್ಬಳೇ ನಕ್ಕು, ಆರಿದ ಟೀ ಕುಡಿದೆ.

ಪದವನ್ನು ಮೂರು ಚುಕ್ಕೆ ಮೇಲಕ್ಕೆ ಸರಿಸಿದೆ. ಹೆಚ್ಚಾಯಿತು.
ಎರಡು.
ಮೊಬೈಲನ್ನು ಕಿಟಕಿಗೆ ಒರಗಿಸಿ, ಕುರ್ಚಿ ಹಿಂದೆ ತಳ್ಳಿ,
ಕಣ್ಣು ಕಿರಿದು ಮಾಡಿ ನೋಡಿದೆ,
ಸೊಸೆ ತೂಗುಹಾಕಿದ ಪಟವನ್ನು ಅತ್ತೆ ನೋಡುವ ಹಾಗೆ.
ಎತ್ತಿದೆ. ಇಳಿಸಿದೆ. ಮತ್ತೆ ಎತ್ತಿದೆ.
ಕೆಳಗೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ
ಎರಡೂ ಒಂದೇ ಜಗಲಿಯ ಮೇಲೆ ಕೂತ ಹಾಗೆ ಕಂಡವು.
ಯಂತ್ರ ಈಗ ತಪ್ಪು ಅನ್ನುತ್ತಿತ್ತು.

ಬೆಳಿಗ್ಗೆ ಮಂಡಿಗೆ ಹೋದೆ.
ಕಂದಲಿ ಕಡೆಯಿಂದ ಬಂದ ಗಡ್ಡೆ, ಹಸಿಮಣ್ಣಿನ ವಾಸನೆ.
ದಬ್ಬಳವನ್ನು ತಲೆವಸ್ತ್ರಕ್ಕೆ ಸಿಕ್ಕಿಸಿಕೊಂಡು
ದ್ಯಾವಣ್ಣ ತನ್ನ ಮೊಬೈಲು ಕೊಟ್ಟ.
ಗಾಜು ಒಡೆದಿದೆ, ಸರಿಯಾಗಿ ಮಧ್ಯಕ್ಕೆ.
ನನ್ನ ಗುಂಡಿಗಳು ಕೂತ ಕಡೆಯೇ
ಬೀಡಿಕಟ್ಟಿನಗಲ ಜಾಗ ಸತ್ತುಹೋಗಿದೆ.
ಒತ್ತಿದ. ಇನ್ನೊಮ್ಮೆ ಒತ್ತಿದ. ಉಗುರಿನಲ್ಲಿ ಒತ್ತಿದ.
ಹನ್ನೊಂದು ದಿನದ ನಟ್ಟನಡು ಮಿಸುಕಲಿಲ್ಲ.

“ಇಲ್ಲೆಲ್ಲ ಜೀವ ಇಲ್ಲ ಕಣವ್ವ.
ಕೆಳಕ್ಕೆ ಮಡಗು, ಮೂಲೇಗೆ, ಹೆಬ್ಬೆಟ್ಟು ಸಿಕ್ಕೋ ಕಡೆ.
ಬಲಗೈ ಕೊಕ್ಕೆ ಬುಡಂಗಿಲ್ಲ, ಫೋನು ಎಡಗೈದು.”
“ಮಧ್ಯ ಇದ್ದರೆ ಚೆಂದ ಅಣ್ಣ” ಅಂದೆ, ಸಣ್ಣ ದನಿಯಲ್ಲಿ.

ಅವನು ಏನೂ ಹೇಳಲಿಲ್ಲ. ಮೂಟೆಗೆ ಕೊಕ್ಕೆ ಹಾಕಿ
ಬೆನ್ನಿಗೆ ಎಳೆದುಕೊಂಡ.
ಮೂಟೆ ಬೆನ್ನಿನ ನಡುವೆ ಇರಲಿಲ್ಲ.
ಬಲಹೆಗಲ ಕಡೆಗೆ ನಾಲ್ಕು ಬೆರಳು ಸರಿದಿತ್ತು,
ಕತ್ತು ಎಡಕ್ಕೆ ವಾಲಿತ್ತು,
ಬಳುಕುವ ಹಲಗೆಯ ಮೇಲೆ ನೆಟ್ಟಗೆ ನಡೆದು ಲಾರಿ ಹತ್ತಿದ.
“ಮೂಳೆ ಮ್ಯಾಲೇ ಕೂರಿಸಿದ್ರೆ ಸಂಜೆಗೆ ನಾನೇ ಇರಕಿಲ್ಲ!”
ಒಳಗಿಂದ ಕೂಗಿದ.

ಖಾಲಿ ಗೋಣಿಯ ರಾಶಿ ಮೇಲೆ ಲ್ಯಾಪ್‌ಟಾಪ್ ತೆರೆದು
ಗುಂಡಿಗಳನ್ನು ಎಡಗಡೆಯ ಕೆಳಮೂಲೆಗೆ ತಂದೆ.
ಪಕ್ಕಪಕ್ಕ ಹಿಡಿಸಲಿಲ್ಲ, ಒಂದರ ಕೆಳಗೊಂದು ಇಟ್ಟೆ.
ಎರಡು ಚುಕ್ಕೆಗೆ ನಾನು ಕೊಟ್ಟ ರಾತ್ರಿ
ಈಗ ಯಾರ ಕಣ್ಣಿಗೂ ಬೀಳುವುದಿಲ್ಲ.
ತೆಗೆಯಲು ಕೈ ಬರಲಿಲ್ಲ, ಇರಲಿ ಎಂದು ಬಿಟ್ಟೆ.
ಮೇಲೆ ಉಳಿದ ಬಯಲಿನಲ್ಲಿ ಎಣಿಕೆ ಮಾತ್ರ,
ಬಿರುಕಿನ ಆಚೆಗೂ ಕಾಣುವಷ್ಟು ದೊಡ್ಡದಾಗಿ.

ಅವನು ಒತ್ತಿದ. ಸೊನ್ನೆ ಹೋಗಿ ಒಂದಾಯಿತು.
“ಒಂದಾ? ಮುಂಜಾನೆಯಿಂದ ಅರವತ್ತೆರಡು!” ಎಂದು
ಮಣ್ಣಾದ ಹೆಬ್ಬೆಟ್ಟಿನಿಂದ ಕುಟ್ಟತೊಡಗಿದ,
ಎತ್ತಿದೆ, ಎತ್ತಿದೆ, ಎತ್ತಿದೆ,
ಗೋಣಿಯ ಮೇಲೆ ಕೂತು
ನಾನೂ ಬಾಯಲ್ಲೇ ಎಣಿಸುತ್ತಿದ್ದೆ.